ಓದುಗರ ಪ್ರಶ್ನೆ: ಹಾಯಿದೋಣಿಯಲ್ಲಿ ತಿಮಿಂಗಿಲ ನೋಡಲು

ಪ್ರಶ್ನೆ: ಸೆಪ್ಟೆಂಬರ್ ಕೊನೆಗೆ 32 ಅಡಿಯ ಹಾಯಿದೋಣಿಯಲ್ಲಿ ಸಿಡ್ನಿಯ ಉತ್ತರ ಅಂಚಿನ ಪಿಟ್‌ವಾಟರ್‌ನಿಂದ ಇನ್ನೂ ಉತ್ತರದ ಪೋರ್ಟ್ ಸ್ಟೀಫನ್ಸ್‌ಗೆ ಆರಾಮವಾಗಿ ಹೋಗಬೇಕೆಂದಿದ್ದೇವೆ. ತಿಮಿಂಗಿಲ ಕಂಡೀತೇ? ಏನನ್ನು ಗಮನಿಸಬೇಕು?
– ಓದುಗರೊಬ್ಬರು, ಸಿಡ್ನಿ

ಉತ್ತರ: ಒಳ್ಳೆಯ ಸಮಯವನ್ನೇ ಆರಿಸಿದ್ದೀರಿ. ಜೂನ್–ಜುಲೈಯಲ್ಲಿ ಉತ್ತರದ ಬೆಚ್ಚನೆ ನೀರಿಗೆ ಹೋದ ಹಂಪ್‌ಬ್ಯಾಕ್ ತಿಮಿಂಗಿಲಗಳು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅಂಟಾರ್ಕ್ಟಿಕಾದತ್ತ ಮರಳುತ್ತವೆ. ಮರಿ ಕಟ್ಟಿಕೊಂಡ ತಾಯಂದಿರು ಹೆಚ್ಚಾಗಿ ದಡದ ಹತ್ತಿರವೇ ಸಾಗುತ್ತವೆ. ದಕ್ಷಿಣಕ್ಕೆ ಹರಿಯುವ ಪೂರ್ವ ಆಸ್ಟ್ರೇಲಿಯಾ ಪ್ರವಾಹ ತಪ್ಪಿಸಲು ನೀವೂ ಹೇಗೂ ದಡ ಹಿಡಿದೇ ಹೋಗಬೇಕು.

ಮೊದಲು ಕಾಣುವುದು ಉಸಿರು. ಪೊದೆಯಂತೆ ಹರಡಿದ, ಸುಮಾರು 3 ಮೀಟರ್ ಎತ್ತರದ ಬಿಳಿ ತುಂತುರು; ಕೆಲವೇ ಸೆಕೆಂಡಿನಲ್ಲಿ ಮಾಯ. ಗಾಳಿ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ದಾಟಿ ಅಲೆಗಳ ತಲೆ ಬೆಳ್ಳಗಾಗತೊಡಗಿದರೆ ಇದನ್ನು ಗುರುತಿಸುವುದು ಕಷ್ಟ. ಆದ್ದರಿಂದ ಮಧ್ಯಾಹ್ನದ ಈಶಾನ್ಯ ಗಾಳಿ ಏಳುವ ಮುಂಚೆಯೇ ಹೊರಡಿ. ಬೈನಾಕ್ಯುಲರ್ 7x50 (ಏಳು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು) ಸಾಕು. ಅದಕ್ಕಿಂತ ಹೆಚ್ಚು ದೊಡ್ಡದಾಗಿ ತೋರಿಸುವುದಾದರೆ ದೋಣಿಯ ಓಲಾಟಕ್ಕೆ ಚಿತ್ರ ನಿಲ್ಲುವುದೇ ಇಲ್ಲ. ಕಂಡವರು ಬೆರಳು ತೋರಿಸಿ ಕೂಗುವ ಬದಲು ಗಡಿಯಾರದ ಲೆಕ್ಕ ಹೇಳಲಿ: ದೋಣಿಯ ಮೂತಿ 12 ಗಂಟೆ, ಬಲಬದಿ 3 ಗಂಟೆ. ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ನುಣುಪು ವೃತ್ತ ಕಂಡರೆ, ಈಗಷ್ಟೇ ಅಲ್ಲಿ ಬಾಲ ಬೀಸಿ ಮುಳುಗಿದೆ ಎಂದರ್ಥ.

ಪ್ರಶ್ನೆ: ಹಾಯಿ ಬಿಚ್ಚಿರುವಾಗ ಎದುರಿಗೇ ತಿಮಿಂಗಿಲ ಎದ್ದರೆ ದೋಣಿಯನ್ನು ನಿಲ್ಲಿಸುವುದು ಹೇಗೆ?
– ಅದೇ ಓದುಗರು

ಉತ್ತರ: ನಮ್ಮ ಪ್ರಕಾರ ಹೊರಡುವ ಮುನ್ನ ಅಭ್ಯಾಸ ಮಾಡಲೇಬೇಕಾದದ್ದು ಇದೊಂದೇ. ನ್ಯೂ ಸೌತ್ ವೇಲ್ಸ್‌ನ ನಿಯಮದಂತೆ ತಿಮಿಂಗಿಲದಿಂದ 100 ಮೀಟರ್, ಮರಿಯಿದ್ದರೆ 200 ಮೀಟರ್ ದೂರವಿರಬೇಕು. 300 ಮೀಟರ್ ಒಳಗೆ ಬಂದರೆ ನೀರು ಕಲಕದಷ್ಟು ನಿಧಾನವಾಗಿ ಸಾಗಬೇಕು. ನಿಮ್ಮ ದೋಣಿಯ ಹತ್ತು ಉದ್ದವೆಂದರೆ ಹೆಚ್ಚುಕಡಿಮೆ 100 ಮೀಟರ್.

ಎದುರಿಗೇ ಎದ್ದರೆ ಮೊದಲು ಅದರ ದಾರಿಯಿಂದ ಪಕ್ಕಕ್ಕೆ ತಿರುಗಿ. ಆಮೇಲೆ ಹೀಗೆ ನಿಲ್ಲಿಸಿ: ಮೂತಿ ಗಾಳಿ ಬರುವ ದಿಕ್ಕನ್ನು ದಾಟಿ ಆಚೆ ಬದಿಗೆ ಹೋಗುವಂತೆ ತಿರುಗಿಸಿ, ಆದರೆ ಜಿಬ್‌ನ (ಮುಂದಿನ ಹಾಯಿಯ) ಹಗ್ಗ ಬಿಚ್ಚಬೇಡಿ. ಜಿಬ್ ಹಿಮ್ಮುಖವಾಗಿ ಗಾಳಿ ತುಂಬಿಕೊಳ್ಳುತ್ತದೆ. ಮೇನ್‌ಸೇಲ್ (ಕಂಬದ ಹಿಂದಿನ ಮುಖ್ಯ ಹಾಯಿ) ಸಡಿಲಿಸಿ, ಚುಕ್ಕಾಣಿಯ ವೀಲನ್ನು ಗಾಳಿ ಬರುವ ಕಡೆಗೆ ಪೂರ್ತಿ ತಿರುಗಿಸಿ ಕಟ್ಟಿಬಿಡಿ. ವೀಲಿನ ಬದಲು ಟಿಲ್ಲರ್ (ಚುಕ್ಕಾಣಿಯ ಹಿಡಿಕೋಲು) ಇದ್ದರೆ ಅದನ್ನು ಗಾಳಿ ಹೋಗುವ ಬದಿಗೆ ತಳ್ಳಬೇಕು. ಇಲ್ಲಿ ಎಡವುವವರೇ ಜಾಸ್ತಿ. ಜಿಬ್ ದೊಡ್ಡದಿದ್ದರೆ ಕಂಬದ ತಂತಿಗೆ ಉಜ್ಜಿ ಬಟ್ಟೆ ಹರಿಯುತ್ತದೆ, ಮೊದಲೇ ಸ್ವಲ್ಪ ಸುತ್ತಿಡಿ. ದೋಣಿ ಆಗಲೂ ಗಾಳಿ ಹೋಗುವ ದಿಕ್ಕಿಗೆ ಮೆಲ್ಲನೆ ಜಾರುತ್ತಲೇ ಇರುತ್ತದೆ. ಹಾಗಾಗಿ ಜಾರುವ ಕಡೆ ಬಂಡೆಯೂ ಇರಬಾರದು, ತಿಮಿಂಗಿಲವೂ ಇರಬಾರದು. ಅದು ಗಾಳಿ ಬರುವ ಕಡೆಯಿದ್ದರೆ ಕ್ಷೇಮ, ಅದರ ಉಸಿರಿನ ಕೊಳೆತ ಮೀನಿನ ನಾತವನ್ನು ಮಾತ್ರ ಸಹಿಸಿಕೊಳ್ಳಬೇಕು!

ತಾನಾಗಿಯೇ ಹತ್ತಿರ ಬಂದರೆ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ, ಪ್ರೊಪೆಲರ್ ತಿರುಗಿಸಬೇಡಿ.

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಇವು ಕಾಣುವುದಿಲ್ಲವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಅಪರೂಪಕ್ಕೆ ಕಾಣುತ್ತವೆ, ಟಿಕೆಟ್ ಕೊಂಡು ನೋಡುವಷ್ಟು ಖಾತ್ರಿಯಿಲ್ಲ. ಅರಬ್ಬಿ ಸಮುದ್ರದಲ್ಲಿ ಬ್ರೈಡ್ಸ್ ತಿಮಿಂಗಿಲವಿದೆ: ತಲೆಯ ಮೇಲೆ ಮೂರು ಏಣು, ಬೆನ್ನಿನ ಹಿಂಭಾಗದಲ್ಲಿ ಕೊಕ್ಕೆಯಂಥ ರೆಕ್ಕೆ. ಮುಳುಗುವಾಗ ಇದು ಸಾಮಾನ್ಯವಾಗಿ ಬಾಲ ಎತ್ತುವುದಿಲ್ಲ. ಕಾರವಾರದ ಕಾಳಿ ನದಿಯ ಅಳಿವೆ ಬಳಿ ಗುಂಪಾಗಿ ಏಳುವವು ಹಂಪ್‌ಬ್ಯಾಕ್ ಡಾಲ್ಫಿನ್‌ಗಳು. ಹೆಸರು ಕೇಳಿ ತಿಮಿಂಗಿಲವೆಂದು ತಿಳಿಯುವವರಿದ್ದಾರೆ. ನೋಡುವ ಆಸೆಯಿದ್ದರೆ ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ನವೆಂಬರ್‌ನಿಂದಾಚೆ ಹೊರಡಿ.