ಸ್ಟ್ರಾಬೆರಿ ಕಪ್ಪೆಯ ಗೊದಮೊಟ್ಟೆಗಳು ಸಾಯುತ್ತಿವೆ: ಪ್ರತಿಕ್ರಿಯೆ

ನಿಮ್ಮ ಸ್ಟ್ರಾಬೆರಿ ಕಪ್ಪೆಯ ಗೊದಮೊಟ್ಟೆಗಳು ಯಾಕೆ ಸಾಯುತ್ತಿವೆ ಅಂತ ಕೇಳಿದ್ದಿರಿ. ಬಹುಶಃ ಹಸಿವಿನಿಂದ ಸತ್ತಿವೆ. ಗೊದಮೊಟ್ಟೆಗಳನ್ನು ಬೇರೆ ಡಬ್ಬಿಗೆ ಹಾಕಿ ಮೀನಿನ ಆಹಾರ ಕೊಟ್ಟೆ ಅಂದಿರಿ. ಬೇರೆ ಎಷ್ಟೋ ಡಾರ್ಟ್ ಕಪ್ಪೆಗಳಿಗೆ (ಸ್ಟ್ರಾಬೆರಿ ಕಪ್ಪೆಯೂ ಸೇರಿರುವ ಪುಟ್ಟ ವಿಷಕಪ್ಪೆಗಳ ಗುಂಪು) ಅದು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ನಾನೂ ಮೊದಲ ಸಲ ಹೀಗೇ ಮಾಡಿ ನಾಲ್ಕು ಮರಿ ಕಳೆದುಕೊಂಡೆ.

ಕೋಸ್ಟರಿಕಾ, ಪನಾಮದ ಕಾಡಿನಲ್ಲಿ ತಾಯಿ ಕಪ್ಪೆ ಮರಿಗಳನ್ನು ಬೆನ್ನ ಮೇಲೆ ಹೊತ್ತು, ಬ್ರೊಮೀಲಿಯಾಡ್ (ಅನಾನಸ್ ಜಾತಿಯ ಗಿಡ) ಎಲೆಸಂದಿಯ ನೀರಿಗೆ ಒಂದೊಂದಾಗಿ ಬಿಡುತ್ತದೆ. ಕೆಲವು ದಿನಕ್ಕೊಮ್ಮೆ ಬಂದು ಅಲ್ಲೇ ಫಲಿಸದ ಮೊಟ್ಟೆ ಇಡುತ್ತದೆ. ಮರಿಗೆ ಅದೇ ಊಟ. ತಾಯಿ ಬಂದಾಗ ಮರಿ ಮೈ ಬಿಗಿದು ಗಡಗಡ ನಡುಗುತ್ತದೆ, ಟಾರ್ಚ್ ಬೆಳಕು ಹಾಕಿ ನೋಡಿ. ತಮಾಷೆ ಅಂದರೆ ತಾಯಿ ಗುರುತಿಡುವುದು ಮರಿಯನ್ನಲ್ಲ, ಜಾಗವನ್ನು!

ಹಾಗಾಗಿ ಮೊದಲು ಟ್ಯಾಂಕಿನಲ್ಲಿ ನೀರು ನಿಲ್ಲುವ ಒಂದೆರಡು ಬ್ರೊಮೀಲಿಯಾಡ್ ನೆಡಿ. ಸಿಗದಿದ್ದರೆ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಸ್ವಲ್ಪ ನೀರು ಹಾಕಿ ಓರೆಯಾಗಿ ಅಂಟಿಸಿ. ಆಮೇಲೆ ತಾಯಿ ಬಿಟ್ಟ ಮರಿಯನ್ನು ಮುಟ್ಟಲೇಬೇಡಿ, ಡಬ್ಬಿಯನ್ನೂ ಜರುಗಿಸಬೇಡಿ. ತಾಯಿಗೆ ಹಣ್ಣಿನ ನೊಣ ಜಾಸ್ತಿ ಕೊಡಿ, ನೊಣಗಳ ಮೇಲೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಪುಡಿ ಉದುರಿಸಿ. ಮರಿ ಕಪ್ಪೆಯಾಗಲು ಸುಮಾರು 6ರಿಂದ 8 ವಾರ ಬೇಕು. ಅಷ್ಟರೊಳಗೆ ಸ್ಪ್ರಿಂಗ್‌ಟೇಲ್ (ಒದ್ದೆ ಮಣ್ಣಿನಲ್ಲಿ ಜಿಗಿಯುವ ತೀರಾ ಸಣ್ಣ ಹುಳ) ಬೆಳೆಸಿಡಿ, ಪುಟ್ಟ ಕಪ್ಪೆಯ ಬಾಯಿಗೆ ನೊಣ ದೊಡ್ಡದು.

ವಿಷದ ಬಗ್ಗೆ ಕೇಳಿದ್ದಿರಲ್ವಾ? ಅದು ಕಾಡಿನ ನುಸಿ, ಇರುವೆಗಳನ್ನು ತಿಂದು ಬರುವುದು. ಟ್ಯಾಂಕಿನಲ್ಲೇ ಹುಟ್ಟಿದ್ದಾದರೆ ವಿಷ ಇರುವುದಿಲ್ಲ. ಕಾಡಿನಿಂದ ಹಿಡಿದು ತಂದದ್ದಾದರೆ ಕೈಗವಸು ಹಾಕಿಕೊಳ್ಳಿ.