ನಾವು ಏಪ್ರಿಲ್‌ನಲ್ಲೇ ಕಂದಾಯ ಕಟ್ತೀವಿ, ಕಟ್ಟದವ್ರನ್ನ ಯಾರೂ ಕೇಳಲ್ವಾ?

ಪ್ರಶ್ನೆ: ಸರ್, ನಾವು ದಾವಣಗೆರೆ ನಿಟ್ಟುವಳ್ಳಿ ಕಡೆಯವ್ರು. ವರ್ಷಾ ವರ್ಷ ಏಪ್ರಿಲ್‌ನಲ್ಲೇ 5% ರಿಯಾಯಿತಿ ತಗೊಂಡು ಮನೆ ಕಂದಾಯ ಕಟ್ತೀವಿ. ನಮ್ಮ ಸಾಲಲ್ಲೇ ಏಳೆಂಟು ವರ್ಷದಿಂದ ಕಟ್ಟದವ್ರು ಆರಾಮಾಗಿದಾರೆ. ಈ ಬಾಕಿ ವಸೂಲಿ ಆಗೋದು ಹೆಂಗೆ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನು ಬಿಲ್ ಕಲೆಕ್ಟರ್ ಆಗಿ ಸೇರಿ ಕಂದಾಯ ಶಾಖೇಲೇ ರಿಟೈರ್ ಆದವನು, ಮನೆ ಮನೆ ತಿರುಗಿದ ಮೇಲೆ ಗೊತ್ತಾಗಿದ್ದೇನಂದ್ರೆ ಬಾಕಿದಾರರೆಲ್ಲ ಒಂದೇ ಥರ ಇರಲ್ಲ, ಎಲ್ರಿಗೂ ಒಂದೇ ನೋಟಿಸ್ ಹಂಚೋದ್ರಿಂದಲೇ ವಸೂಲಿ ಕೆಡೋದು.

ಒಂದ್ಸಲ ಒಂದು ಮನೇಲಿ ಅಜ್ಜಿ ಒಬ್ರು ಟ್ರಂಕ್ ತೆಗ್ದು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟಿದ್ದ ರಸೀದಿ ಎಲ್ಲ ಹರವಿದ್ರು, ಕೊನೇ ರಸೀದಿ ಯಜಮಾನ್ರು ತೀರಿಕೊಂಡ ವರ್ಷದ್ದು. ಆಮೇಲೆ ಖಾತೆ ಬದಲಾಗಿಲ್ಲ, ಮೂರು ಜನ ಮಕ್ಕಳಲ್ಲಿ ಪಾಲಾಗಿಲ್ಲ, ನಾನ್ ಕಟ್ಟಿದ್ರೆ ಅವನು ಅನುಭವಿಸ್ತಾನೆ ಅಂತ ಮೂರೂ ಜನ ಸುಮ್ನಿದ್ರು, ನಮ್ಮ ಕಚೇರಿ ನೋಟಿಸ್ ಮಾತ್ರ ಸತ್ತೋರ ಹೆಸರಿಗೇ ಹೋಗ್ತಿತ್ತು. ಇಂಥ ಮನೆಗೆ ನೋಟಿಸ್ ಬೇಡ, ವಾರ್ಡಲ್ಲೇ ಒಂದಿನ ಕ್ಯಾಂಪ್ ಹಾಕಿ ವಾರಸುದಾರರ ಹೆಸರಿಗೆ ಖಾತೆ ಮಾಡಿಕೊಡ್ರಿ, ದುಡ್ಡು ಹಿಂದೇನೇ ಬರುತ್ತೆ. ಈಗಂತೂ ರಿಜಿಸ್ಟ್ರೇಷನ್‌ಗೆ ಇ-ಖಾತೆ ಕಡ್ಡಾಯ ಆಗಿರೋದ್ರಿಂದ ಜನಕ್ಕೇ ಅವಸರ ಐತೆ.

ಇನ್ನೊಂದು, 2002ರ ಸುಮಾರಿಗೆ ಸ್ವಯಂ ಘೋಷಣೆ ಪದ್ಧತಿ ಬಂದ ಮೇಲೆ ಲೆಕ್ಕ ಹಾಕಿ ಕಟ್ಟೋ ಜವಾಬ್ದಾರಿ ಮಾಲೀಕರದ್ದೇ. ಕರೆಂಟ್ ಬಿಲ್ ತಿಂಗಳಾ ತಿಂಗಳಾ ಬಾಗಿಲಿಗೆ ಬರುತ್ತೆ, ಕಂದಾಯದ್ದು ಬರಲ್ಲ, ಹಂಗಾಗಿ ಎಷ್ಟೋ ಜನಕ್ಕೆ ಮರ್ತೇ ಹೋಗಿರುತ್ತೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಾಕಿದಾರರಿಗೆ ಬೇರೆ ಬೇರೆ ಥರದ ಪತ್ರ ಬರೆದು ಪರೀಕ್ಷೆ ಮಾಡಿದ್ರು, ಬರೀ ನೆನಪಿಸಿದ್ದಕ್ಕೂ ಕಟ್ಟೋರು ಜಾಸ್ತಿಯಾದ್ರು, ಮನೆ ಹರಾಜಿಗೆ ಹೋಗಬಹುದು ಅಂತ ನೇರವಾಗಿ ಬರೆದ ಪತ್ರ ಇನ್ನೂ ಚೆನ್ನಾಗಿ ಕೆಲಸ ಮಾಡ್ತು. ನಮ್ಮಲ್ಲಿ ಮಾರ್ಚ್ ಕೊನೇಲಿ ಆಟೋದಲ್ಲಿ ಮೈಕ್ ಕೂಗ್ಸೋ ಬದಲು ಜೂನ್‌ನಲ್ಲೇ ಮೊಬೈಲಿಗೆ ಇಂತಿಷ್ಟು ರೂಪಾಯಿ ಅಂತ ಕನ್ನಡದಲ್ಲಿ ಒಂದು ಮೆಸೇಜ್ ಹೋಗ್ಬೇಕು.

ಜೂನೇ ಯಾಕಂದ್ರೆ ಜುಲೈಯಿಂದ ತಿಂಗಳಿಗೆ 2% ದಂಡ ಬೀಳುತ್ತೆ. 5,000 ಕಂದಾಯಕ್ಕೆ ತಿಂಗಳಿಗೆ 100 ರೂಪಾಯಿ, ಅಂದ್ರೆ 4 ವರ್ಷ 2 ತಿಂಗಳಿಗೆ ದಂಡವೇ ಅಸಲಿನಷ್ಟಾಗುತ್ತೆ. ಮಂಡಕ್ಕಿ ಭಟ್ಟೀಲಿ ದಿನಗೂಲಿ ಮಾಡೋರು ಅದನ್ನ ಒಂದೇ ಸಲ ಎಲ್ಲಿಂದ ತರ್ತಾರೆ? ನಾನಿದ್ದ ಕಚೇರೀಲಿ 2,000 ಹಿಡ್ಕೊಂಡು ಬಂದೋರನ್ನ ಪೂರ್ತಿ ತಂದ್ರೆ ಬಾ ಅಂತ ಕೌಂಟರಿಂದ ವಾಪಸ್ ಕಳಿಸ್ತಿದ್ವಿ, ಅವ್ರು ಮತ್ತೆ ಬರ್ತಿರ್ಲಿಲ್ಲ. ಆ ತಪ್ಪು ನನ್ನನ್ನ ಇವತ್ತಿಗೂ ಕಾಡುತ್ತೆ. ಬಡವರ ಹತ್ರ ಕಂತಲ್ಲಿ ತಗೊಳ್ಳಲೇಬೇಕು.

ಇನ್ನು ಗೋಡೌನು, ಕಾಂಪ್ಲೆಕ್ಸು, ಕಲ್ಯಾಣ ಮಂಟಪ ಇಟ್ಕೊಂಡು ಕಟ್ಟದೇ ಇರೋರು. ಇವ್ರ ಮೇಲೆ ನನಗೆ ಎಳ್ಳಷ್ಟೂ ಕನಿಕರ ಇಲ್ಲ. ಡಿಮ್ಯಾಂಡ್ ನೋಟಿಸ್ ಆದ ಮೇಲೆ ವಾರಂಟ್ ಹೊರಡಿಸಿ ಚರಾಸ್ತಿ ಜಪ್ತಿ ಮಾಡೋ ಅಧಿಕಾರ ಕಾಯ್ದೇಲೇ ಐತೆ, ಮೊದಲು ದೊಡ್ಡ ಬಾಕಿಯ ನೂರು ಜನರ ಪಟ್ಟಿ ಹಿಡ್ಕೊಂಡು ಹೊರಡ್ಬೇಕು, ಕೋರ್ಟ್ ಸ್ಟೇ ಇದ್ರೆ ಅದನ್ನ ತೆಗೆಸೋಕೆ ಪಾಲಿಕೆ ವಕೀಲರ ಬೆನ್ನು ಹತ್ಬೇಕು. ಎಲ್ರಿಗೂ ದಂಡ ಮನ್ನಾ ಅಂತ ಪದೇ ಪದೇ ಘೋಷಣೆ ಮಾಡಿದ್ರೆ ಇವ್ರು ಮುಂದಿನ ಮನ್ನಾಕ್ಕೆ ಕಾಯ್ತಾ ಕೂರ್ತಾರೆ, ನಿಮ್ಮಂಥೋರು ಪೆದ್ದರಾಗ್ತೀರಿ. ವಸೂಲಿ ಕುಂಟಿದ್ರೆ ಕೇಂದ್ರದ ದುಡ್ಡಿಗೂ ಪೆಟ್ಟು, ಆಸ್ತಿ ತೆರಿಗೆ ಸಂಗ್ರಹ ರಾಜ್ಯದ ಆರ್ಥಿಕತೆ ಬೆಳೆದಷ್ಟಾದ್ರೂ ಬೆಳೀಬೇಕು ಅಂತ 15ನೇ ಹಣಕಾಸು ಆಯೋಗ ನಗರಗಳ ಅನುದಾನಕ್ಕೇ ಷರತ್ತು ಹಾಕಿತ್ತು.

ನೀವು ಮಾಡಬಹುದಾದ್ದು ಒಂದೈತೆ. ಕಂದಾಯ ಶಾಖೇಲಿ ಡಿಸಿಬಿ ಅಂತ ಒಂದು ಲೆಕ್ಕ ಇಡ್ತಾರೆ, ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಅಂತ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಲ್ಲಿ ನಿಮ್ಮ ವಾರ್ಡಿಂದು ಕೇಳ್ರಿ, ಜೊತೆಗೆ ದೊಡ್ಡ ಬಾಕಿದಾರರಿಗೆ ನೋಟಿಸ್ ಕೊಟ್ಟ ತಾರೀಖೂ ಕೇಳ್ರಿ. 30 ದಿನದಲ್ಲಿ ಉತ್ತರ ಕೊಡಬೇಕು. ಆ ಹಾಳೆ ಹಿಡ್ಕೊಂಡೇ ನಿಮ್ಮ ವಾರ್ಡ್ ಸದಸ್ಯರ ಮನೆಗೆ ಹೋಗ್ರಿ.