ಅವಳಿ ಮಕ್ಕಳಿಗೆ ಎಲ್ಲವೂ ಎರಡೆರಡು ಬೇಕಾ?

ಅಭಿನಂದನೆಗಳು! ಹೆಂಡತಿಗೆ ಈಗ 28 ವಾರ, ಹೊಟ್ಟೆಯಲ್ಲಿ ಅವಳಿ, ಎಲ್ಲವನ್ನೂ ಎರಡೆರಡು ತರಬೇಕಾ ಅಂತ ಕೇಳಿದ್ದೀರಿ. ಬೇಡ. ಬಟ್ಟೆ, ಡೈಪರ್ ಜಾಸ್ತಿ ಇರಲಿ. ಮಲಗುವ ಜಾಗ ಇಬ್ಬರಿಗೂ ಬೇರೆ ಬೇರೆ ಇರಬೇಕು. ಕಾರಿದ್ದರೆ ಮಕ್ಕಳ ಸೀಟೂ ಎರಡು ಬೇಕು. ಆಟಿಕೆ ಈಗಲೇ ಬೇಡ. ನಾನು ತಂದಿಟ್ಟಿದ್ದು ತಿಂಗಳುಗಟ್ಟಲೆ ಸುಮ್ನೆ ಧೂಳು ತಿಂದಿತು.

ಸಾಮಾನಿಗಿಂತ ದಿನಗಳ ಲೆಕ್ಕ ಮುಖ್ಯ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. 32ನೇ ವಾರದ ಹೊತ್ತಿಗೆ ಆಸ್ಪತ್ರೆಯ ಬ್ಯಾಗ್ ಬಾಗಿಲ ಹತ್ತಿರ ಇರಲಿ. ಒಂದು ಮಗು ಮನೆಗೆ ಬಂದು, ಇನ್ನೊಂದು ಹಸುಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲೇ ಕೆಲವು ದಿನ ಉಳಿಯುವುದೂ ಉಂಟು. ಹಾಗಾಗಿ ರಜೆಯನ್ನೆಲ್ಲ ಹೆರಿಗೆಯ ವಾರದಲ್ಲೇ ಮುಗಿಸಬೇಡಿ.

ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಇಬ್ಬರಿದ್ದರೆ ಎಷ್ಟಾಯಿತು, ನೀವೇ ಹೇಳಿ! ಒಂದು ಎದ್ದಾಗ ಇನ್ನೊಂದನ್ನೂ ಎಬ್ಬಿಸಿ ಕುಡಿಸಿದರೆ ನಿಮಗೂ ಅವರ ಅಮ್ಮನಿಗೂ ಸ್ವಲ್ಪ ನಿದ್ದೆ ಸಿಗುತ್ತದೆ. ಯಾರು ಎಷ್ಟು ಗಂಟೆಗೆ ಕುಡಿದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಾನು ಬರೆಯದೆ, ಒಂದು ರಾತ್ರಿ ಒಬ್ಬನಿಗೇ ಎರಡು ಸಲ ಬಾಟಲಿ ಹಿಡಿದು, ಇನ್ನೊಬ್ಬ ಯಾಕೆ ಅಳ್ತಿದ್ದಾನೆ ಅಂತ ತಲೆ ಕೆಡಿಸಿಕೊಂಡಿದ್ದೆ.